ನಾಲ್ಕನೆಯ ನಿಂಬೆಹಣ್ಣು

ಯಜಮಾನರು ನಿವೃತ್ತರಾದ ಮೇಲೆ ಮನೆಯಲ್ಲೇ ಕೂತು ನನ್ನ ಸಾರಿನಲ್ಲಿ ಹುಳುಕು ಹುಡುಕುತ್ತಾರೆ ಎಂದು ಹೆದರಿದ್ದೆ. ಅವರು ಹಾಗೇನೂ ಮಾಡಲಿಲ್ಲ, ಒಂದು ಟ್ರ್ಯಾಕ್ಟರ್ ತಂದರು. ಮದರಾಸಿನ ಮೈಲಾಪೂರಿನ ಫ್ಲಾಟಿನಲ್ಲಿ ಸ್ಕೂಟರ್ ನಿಲ್ಲಿಸುವುದಕ್ಕೇ ಪಕ್ಕದವರ ಜೊತೆ ಕಿತ್ತಾಡುವ ನಮಗೆ ಟ್ರ್ಯಾಕ್ಟರ್! ಅದೂ ನನಗಿಂತ ವಯಸ್ಸಾದದ್ದು, ತುಕ್ಕು ಹಿಡಿದದ್ದು, ಸೀಟಿನಲ್ಲಿ ಅಳಿಲು ಗೂಡು ಕಟ್ಟಿದ್ದು. ನಾನು ಬಾಗಿಲಲ್ಲೇ ಕೂತುಬಿಟ್ಟೆ. ಮಾಧವರಂನಲ್ಲಿ ಅವರ ಸ್ನೇಹಿತರೊಬ್ಬರ ಲಾರಿ ಶೆಡ್ಡಿನ ಮೂಲೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಬೆಳಗ್ಗೆ ನಾನು ಶೋಳಿಂಗನಲ್ಲೂರಿನ ಆಫೀಸಿಗೆ ಕ್ಯಾಬ್ ಹತ್ತಿದರೆ ಅವರು ಮಾಧವರಂ ಬಸ್ಸು ಹತ್ತುತ್ತಿದ್ದರು. ಸಂಜೆ ಉಗುರಿನ ಸಂದಿಯಲ್ಲಿ ಗ್ರೀಸು, ಮುಖದಲ್ಲಿ ಮದುಮಗನ ಕಳೆ.

ಕೆಂಪು ಬಣ್ಣ ಬಳಿದು ಮುಗಿಯುವ ಹೊತ್ತಿಗೆ ಬೇಸಿಗೆ ಬಂತು, ನಮ್ಮ ತಿರುಗಾಟವೂ ಶುರುವಾಯಿತು. ಈ ಹುಚ್ಚು ಹಿಡಿದವರು ಇವರೊಬ್ಬರೇ ಎಂದುಕೊಂಡಿದ್ದೆ. ಮೊದಲ ಪ್ರದರ್ಶನಕ್ಕೆ ಹೋದಾಗ ಮೈದಾನದ ತುಂಬ ಇವರಂಥವರೇ! ಡಾಕ್ಟರುಗಳು, ವಕೀಲರು, ತಿರುವಳ್ಳೂರು ಕಡೆಯ ರೈತರು, ಎಲ್ಲರೂ ಬನಿಯನ್ನಿನ ಚೂರು ಹಿಡಿದು ಬಾನೆಟ್ ಉಜ್ಜುತ್ತ ನಿಂತಿದ್ದಾರೆ. ಮೊಮ್ಮಗುವಿನ ಕೆನ್ನೆಯನ್ನಾದರೂ ಇಷ್ಟು ನಾಜೂಕಾಗಿ ಒರೆಸಿದ್ದರೋ ಇಲ್ಲವೋ. ಇಲ್ಲಿಯವರು ಕತ್ತಿರಿ ಎನ್ನುವ ಮೇ ತಿಂಗಳ ಸುಡುಬಿಸಿಲಿನಲ್ಲಿ ನನ್ನ ತಲೆ ಸಿಡಿಯುತ್ತಿತ್ತು. ಬೈದುಕೊಂಡೇ ಹೋಗುತ್ತಿದ್ದೆ, ಆದರೂ ಹೋಗುತ್ತಿದ್ದೆ. ಪ್ರದರ್ಶನವಿಲ್ಲದ ವಾರ ಯಾವುದಾದರೂ ವಸ್ತುಪ್ರದರ್ಶನ, ಜಾತ್ರೆಯಂಥ ಮೇಳ. ಮೊರದಷ್ಟಗಲದ ಡೆಲ್ಲಿ ಅಪ್ಪಳ, ಮೆಣಸಿನಕಾಯಿ ಬಜ್ಜಿ, ಕೊನೆಗೆ ರಾಟೆ ತೊಟ್ಟಿಲು. ಮದುವೆಯಾದ ಹೊಸತರಲ್ಲೂ ನಾವು ಇಷ್ಟು ಸುತ್ತಿರಲಿಲ್ಲ. ನನಗೆ ಸಂತೋಷವಾಗುತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಇವರ ಮನೆತನ ತಲೆಮಾರುಗಳಿಂದ ಮದರಾಸಿನದು. ಇವರ ಕನ್ನಡದಲ್ಲಿ ಅರ್ಧ ತಮಿಳು, ನಾನು ಮೈಸೂರಿನಿಂದ ಸೊಸೆಯಾಗಿ ಬಂದಾಗ ಅತ್ತೆಯ ಮಾತು ಅರ್ಥವಾಗಲು ಒಂದು ವರ್ಷ ಹಿಡಿದಿತ್ತು. ಆದರೆ ಒಂದು ವಿಷಯ ಮೊದಲ ದಿನವೇ ಅರ್ಥವಾಯಿತು: ಈ ಮನೆಯಲ್ಲಿ ರಾಹುಕಾಲ ನೋಡದೆ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. ಅಡುಗೆಮನೆಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಫ್ರಿಜ್ಜು ಬಂದಾಗ ಅದನ್ನು ಮೆಟ್ಟಿಲ ಕೆಳಗೇ ಒಂದೂವರೆ ಗಂಟೆ ನಿಲ್ಲಿಸಿಕೊಂಡಿದ್ದರು. ನನ್ನ ಪಿತ್ತಕೋಶದ ಆಪರೇಷನ್ ದಿನ ಸರ್ಜನ್ನರ ಜೊತೆಯೇ ಸಮಯದ ಚೌಕಾಸಿ ಮಾಡಿದರು. ನನಗೆ ನಗು ಬರುತ್ತಿತ್ತು, ತಕರಾರು ಇರಲಿಲ್ಲ. ಯಾರಿಗೂ ತೊಂದರೆಯಿಲ್ಲದ ನಂಬಿಕೆ, ಇರಲಿ ಬಿಡು ಎನ್ನುತ್ತಿದ್ದೆ.

ಟ್ರ್ಯಾಕ್ಟರಿಗೂ ಅದೇ ಕಟ್ಟುಪಾಡು. ಎಲ್ಲಿಗೆ ಹೋದರೂ ಒಳ್ಳೆಯ ಹೊತ್ತು ಕಳೆಯುವ ಮೊದಲು ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟು, ಅವುಗಳ ಮೇಲೆ ಗಾಡಿ ಹತ್ತಿಸಿ ದೃಷ್ಟಿ ಕಳೆಯಬೇಕು. ಹಣ್ಣಿಡುವ ಕೆಲಸ ನನ್ನದು. ಸ್ಟಾರ್ಟ್ ಮಾಡುವ ಕ್ರಮವನ್ನಂತೂ ಅವರು ನೋಡಲು ಬಂದವರಿಗೆಲ್ಲ ಪಾಠದಂತೆ ಒಪ್ಪಿಸುತ್ತಿದ್ದರು. ಮೇಲೆ ಹತ್ತಿ ಕೂರಬೇಕು, ಕ್ಲಚ್ ತುಳಿಯಬೇಕು, ಗೇರ್ ಕೋಲನ್ನು ಅಲ್ಲಾಡಿಸಿ ನ್ಯೂಟ್ರಲ್ ಇದೆಯೋ ನೋಡಬೇಕು, ಆಮೇಲೇ ಗುಂಡಿ ಒತ್ತಬೇಕು. "ಕೆಳಗೆ ನಿಂತು ಸ್ಟಾರ್ಟ್ ಪಣ್ಣೋವ್ನು ಮುಟ್ಟಾಳ್" ಎನ್ನುತ್ತಿದ್ದರು. ಕೆಳಗೆ ನಿಂತು ಸ್ಟಾರ್ಟ್ ಮಾಡುವವನು ಮೂರ್ಖ ಎಂದರ್ಥ. ಆ ಬೇಸಿಗೆಯಲ್ಲಿ ಈ ಪಾಠ ಕೇಳಿ ಕೇಳಿ ನಾನೇ ಟ್ರ್ಯಾಕ್ಟರ್ ಓಡಿಸಬಹುದಿತ್ತು.

ಮೇ ಕೊನೆಯ ಶನಿವಾರ, ಮಾಧವರಂ ಆಚೆಯ ಮೈದಾನದಲ್ಲಿ, ವರ್ಷದ ದೊಡ್ಡ ಪ್ರದರ್ಶನ. ಹನ್ನೊಂದಕ್ಕೆ ಹಳೆಯ ಟ್ರ್ಯಾಕ್ಟರುಗಳ ಮೆರವಣಿಗೆ. ನನ್ನನ್ನು ಮಡ್ಗಾರ್ಡ್ ಮೇಲೆ ಕೂರಿಸಿಕೊಂಡು ಹೋಗಬೇಕು ಎಂಬುದು ಅವರ ಆಸೆ. ಅದಕ್ಕೆಂದೇ ನಾನು ಟ್ರ್ಯಾಕ್ಟರಿನ ಬಣ್ಣದ್ದೇ ಸೀರೆ ಉಟ್ಟಿದ್ದೆ. ಈ ವಯಸ್ಸಿನಲ್ಲಿ ಇದೇನು ವೇಷ ಎಂದು ಕನ್ನಡಿ ಮುಂದೆ ನಾಚಿಕೆಯೂ ಆಗಿತ್ತು.

ಟ್ರ್ಯಾಕ್ಟರ್ ಹೊತ್ತ ಲಾರಿ ತಡವಾಗಿ ಬಂತು. ಶನಿವಾರ ಒಂಬತ್ತಕ್ಕೆ ರಾಹುಕಾಲ. ಇಳಿಸುವ ಹೊತ್ತಿಗೆ ಒಂಬತ್ತಾಗಲು ಇನ್ನು ಸ್ವಲ್ಪವೇ ಬಾಕಿ. ನಮಗೆ ಕೊಟ್ಟಿದ್ದ ಜಾಗ ಇಳಿಜಾರು, ಕೈಬ್ರೇಕು ಸರಿಯಾಗಿ ಹಿಡಿಯುತ್ತಿರಲಿಲ್ಲ, ಆದ್ದರಿಂದ ಅವರು ಗಾಡಿಯನ್ನು ಗೇರಿನಲ್ಲೇ ನಿಲ್ಲಿಸಿ ಕೆಳಗಿಳಿದರು. ಅದನ್ನು ನಾನು ಕಣ್ಣಾರೆ ನೋಡಿದ್ದೆ.

"ಸೀಕ್ರಂ ಮಾ, ಒಂಬತ್ತು ಆಗ್ಬಿಡತ್ತೆ! ಎಲುಮಿಚ್ಚೆ ಇಡು!" ಎಂದು ಆ ಪಕ್ಕದಿಂದ ಕೂಗಿದರು. ಮುಂದಿನ ಎರಡು ಚಕ್ರಕ್ಕೆ ಇಟ್ಟೆ. ಅವರು ನಿಂತಿದ್ದ ಬಲಗಡೆಯ ಹಿಂದಿನ ಚಕ್ರಕ್ಕೆ ಇಟ್ಟೆ. ಎಡಗಡೆಗೆ ಸುತ್ತಿ ಬಂದು, ನನ್ನ ಎದೆಯೆತ್ತರದ ಆ ದೊಡ್ಡ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ.

"ಇಟ್ಟಾಯ್ತಾ?"

"ಇನ್ನೊಂದಿದೆ, ತಾಳ್ರೀ!"

"ಆಯ್ತು, ಆಯ್ತು" ಎಂದರು. ಮೇಲೆ ಹತ್ತದೆ, ಕೆಳಗೆ ನಿಂತೇ ಗುಂಡಿ ಒತ್ತಿಬಿಟ್ಟರು. ಎಂಜಿನ್ನು ಗುಡುಗಿತು.

ಚಕ್ರ ಉರುಳಿತು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ರಬ್ಬರಿನ ದಪ್ಪ ಹಲ್ಲು ನನ್ನ ಮುಖದ ಮುಂದೆ ಇತ್ತು. ಕೈ ಎಳೆದುಕೊಂಡೆ, ಹಿಂದಕ್ಕೆ ಬಿದ್ದೆ. ಬಿದ್ದವಳು ಉರುಳಿಕೊಳ್ಳಲು ನೋಡಿದರೆ ಆಗುತ್ತಿಲ್ಲ. ಸೆರಗು ಚಕ್ರದ ಅಡಿಗೆ ಸಿಕ್ಕಿತ್ತು, ಭುಜದಲ್ಲಿ ಪಿನ್ನು ಹಾಕಿದ್ದೆ. ಚಕ್ರ ಸೆರಗನ್ನು ನುಂಗುತ್ತಾ ನನ್ನನ್ನು ತನ್ನ ಕಡೆಗೇ ಎಳೆಯಿತು. ಕೂಗಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಬಟ್ಟೆ ಹರಿದ ಸದ್ದು ಮಾತ್ರ ಈಗಲೂ ಕಿವಿಯಲ್ಲಿದೆ. ಪಕ್ಕದ ಟ್ರ್ಯಾಕ್ಟರಿನವರು, ತಿರುವಳ್ಳೂರು ಕಡೆಯ ರೈತರೊಬ್ಬರು, ಪಂಚೆ ಎತ್ತಿಕಟ್ಟಿ ಹಾರಿ ಬಂದು ಎಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದರು. ಗಾಡಿ ನಿಂತಿತು. ಚಕ್ರಕ್ಕೂ ನನ್ನ ಮೊಣಕಾಲಿಗೂ ನಡುವೆ ಒಂದು ಗೇಣೂ ಇರಲಿಲ್ಲ.

ಯಾರೋ ಎಬ್ಬಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು, ಇನ್ಯಾರೋ ಸೋಡಾ ತಂದರು. ಹಲ್ಲು ಕಟಕಟ ಎನ್ನುತ್ತಿತ್ತು, ಗ್ಲಾಸು ಬಾಯಿಗೆ ಸಿಗುತ್ತಿರಲಿಲ್ಲ. ಇವರು ಸುತ್ತಿಕೊಂಡು ಬಂದರು. ನನ್ನ ಕೈಕಾಲು ನೋಡಿದರು, ಹರಿದ ಸೆರಗು ನೋಡಿದರು. ಆಮೇಲೆ ವಾಚು ನೋಡಿದರು. ಅವರ ಮುಖ ಅರಳಿತು.

"ಒಂಬತ್ತಕ್ಕೆ ಮುಂಚೆನೇ ಸ್ಟಾರ್ಟ್ ಆಯ್ತು ಮಾ" ಎಂದರು. "ಅದಕ್ಕೇ ನಿಂಗೇನೂ ಆಗ್ಲಿಲ್ಲ. ರಾಹುಕಾಲ ಬಂದಿದ್ರೆ ಕಥೆಯೇ ಬೇರೆ."

ಚಕ್ರ ಮೈಮೇಲೆ ಬಂದಾಗಲೂ ನನಗೆ ಅಷ್ಟು ದಿಗಿಲಾಗಿರಲಿಲ್ಲ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಮುಖ ನೋಡಿದೆ. ತಮಾಷೆಯಲ್ಲ. ಸುತ್ತ ನಿಂತಿದ್ದವರಲ್ಲಿ ಇಬ್ಬರು ಮೂವರು ಹೌದೌದು ಎಂದು ತಲೆಯಾಡಿಸಿದರು. ದೊಡ್ಡ ದೃಷ್ಟಿ ಕಳೆಯಿತು ಎಂದರು ಒಬ್ಬರು. ಆ ರೈತರು ಮಾತ್ರ, "ಗೇರ್‌ಲ ಇರುಂದುಚ್ಚು ಸಾರ್" ಎಂದು, ಗಾಡಿ ಗೇರಿನಲ್ಲೇ ಇತ್ತಲ್ಲ ಸ್ವಾಮಿ ಎಂಬಂತೆ ಮೆಲ್ಲಗೆ ಹೇಳಿದರು. ಅದು ಇವರ ಕಿವಿಗೇ ಬೀಳಲಿಲ್ಲ. ಅಷ್ಟರಲ್ಲಿ ಫೋನು ತೆಗೆದು ತಮ್ಮ ಅಕ್ಕನಿಗೆ ವರದಿ ಒಪ್ಪಿಸುತ್ತಿದ್ದರು.

"ಕರೆಕ್ಟಾ ಒಂಬತ್ತಕ್ಕೆ ಮುಂಚೆ ಮುಗ್ಸಿದೆ ಅಕ್ಕಾ. ನಾನು ಅವಸರ ಮಾಡ್ದೇ ಇದ್ದಿದ್ರೆ ಇವ್ಳ ಗತಿ ಏನಾಗಿರ್ತಿತ್ತು, ನೆನೆಸ್ಕೊಂಡ್ರೆ ಭಯ ಆಗತ್ತೆ."

ನಾನು ಸೋಡಾ ಗ್ಲಾಸು ಹಿಡಿದು ಕೇಳುತ್ತ ಕೂತಿದ್ದೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ ಮನುಷ್ಯ. ನನಗೆ ಜ್ವರ ಬಂದರೆ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕುವವರು, ಕೆಟ್ಟವರಲ್ಲ. ಅವರು ಕೆಟ್ಟವರಲ್ಲ ಎಂಬುದೇ ನನ್ನನ್ನು ಇನ್ನಷ್ಟು ಹೆದರಿಸಿತು. ಇನ್ನೊಂದಿದೆ ತಾಳಿ ಅಂದದ್ದು ಕೇಳಿಸಿತ್ತೇ ಎಂದು ಕೇಳಿದೆ. "ಯಾವಾಗ ಅಂದೆ?" ಎಂದರು. ನಿಜವಾಗಿಯೂ ನೆನಪಿರಲಿಲ್ಲ ಅವರಿಗೆ.

ಮೈಕಿನಲ್ಲಿ ಮೆರವಣಿಗೆಗೆ ಸಿದ್ಧರಾಗಿ ಎಂದು ಕೂಗತೊಡಗಿದರು. ಇವರು ಬಾನೆಟ್ ಮೇಲಿನ ಧೂಳು ಒರೆಸಿ, ಮಡ್ಗಾರ್ಡ್ ಮೇಲೆ ನನಗೆಂದು ಟವೆಲ್ ಹಾಸಿದರು. ನಾನು ಎದ್ದು, ಹರಿದ ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿಕೊಂಡು, ಗೇಟಿನ ಕಡೆ ಹೊರಟೆ. ಅಲ್ಲಿ ಆಟೋಗಳು ನಿಂತಿದ್ದವು.

"ಎಲ್ಲಿಗೆ ಮಾ?" ಎಂದು ಹಿಂದೆಯೇ ಓಡಿ ಬಂದರು.

"ಮನೆಗೆ."

ಅವರು ವಾಚು ನೋಡಿಕೊಂಡರು. ಹತ್ತು ಗಂಟೆಯಾಗಿತ್ತಷ್ಟೆ.

"ಈಗಲಾ? ಇನ್ನೂ ರಾಹುಕಾಲ ಮಾ! ಹತ್ತೂವರೆವರೆಗೆ ಕಾಲು ಹೊರಗಿಡ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ!"

ಮುಖದಲ್ಲಿ ರಕ್ತವಿರಲಿಲ್ಲ. ನನ್ನ ತೋಳು ಹಿಡಿದುಕೊಂಡಿದ್ದರು, ಕಣ್ಣಲ್ಲಿ ನೀರು ತುಂಬಿತ್ತು. ಚಕ್ರದ ಮುಂದಿನಿಂದ ನನ್ನನ್ನು ಎಬ್ಬಿಸಿ ಕೂರಿಸಿದಾಗ ಅವರ ಮುಖದಲ್ಲಿ ನಾನು ಹುಡುಕಿದ್ದು ಇದೇ ಗಾಬರಿಯನ್ನು.

ಕೈ ಬಿಡಿಸಿಕೊಂಡು ಆಟೋ ಹತ್ತಿದೆ.