ಪಡವಲ ಚಪ್ಪರದ ಕೆಳಗೆ ಮಂಗಳಾರತಿ

ಕಳೆದ ವರ್ಷದ ಶ್ರಾವಣ ಶನಿವಾರ. ಬೆಳಿಗ್ಗೆ ದೇವರಿಗೆ ಹೂ ಏರಿಸುತ್ತಿದ್ದೆ, ಯಾರೋ ದಬದಬ ಬಾಗಿಲು ಬಡಿದರು. ತೆರೆದರೆ ತರಕಾರಿಯ ಸುನಂದಾಬಾಯಿ. ಮುಖದಲ್ಲಿ ರಕ್ತವೇ ಇರಲಿಲ್ಲ.

ಮುಂಬೈಯ ಬೊರಿವಲಿಯಲ್ಲಿ ನಮ್ಮ ಬಿಲ್ಡಿಂಗ್ ಹಿಂದೆ, ಕಾಡು ಶುರುವಾಗುವ ಕಡೆ ಅವಳದೊಂದು ಸಣ್ಣ ಹೊಲ. ನಾನು ಮೈಸೂರಿನಿಂದ ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಗೆ ಅವಳದೇ ಹೀರೆ, ಅವಳದೇ ಪಡವಲ. ಕಾಡಿನ ಕೋತಿಗಳಿಗೂ ಅವಳದೇ! ಹಿಂದಿನ ವಾರವಷ್ಟೇ ಸೌತೆಕಾಯಿ ಪೂರಾ ತಿಂದು ಹೋಗಿದ್ದವು. ಉಳಿದದ್ದು ಪಡವಲದ ಚಪ್ಪರ ಒಂದೇ. ಗಂಡನಿಲ್ಲದ ಹೆಂಗಸು, ದಿನವಿಡೀ ಅದರ ಕೆಳಗೆ ಡಬ್ಬ ಬಡಿಯುತ್ತಾ ಕಾಯುತ್ತಿದ್ದಳು.

“ಭಾಭಿ, ಮಗಳಿಗೆ ನೋವು ಶುರುವಾಗಿದೆ. ಆಸ್ಪತ್ರೇಲಿ ಆಯೀ ಆಯೀ ಅಂತ ಕರೀತಿದಾಳಂತೆ. ನಾನು ಹೋದ್ರೆ ಸಂಜೆಗೆ ಚಪ್ಪರ ಇರಲ್ಲ” ಎಂದು ಹಿಂದಿಯಲ್ಲಿ ಹೇಳಿ ಅಳತೊಡಗಿದಳು.

“ನೀನು ಹೋಗಮ್ಮ, ನಾನು ಕೂತ್ಕೋತೀನಿ.”

“ಒಬ್ರೇನಾ? ಅವಕ್ಕೆ ಗಲಾಟೆ ಜೋರಾಗಿರಬೇಕು. ಕಲ್ಲು ಹೊಡೆಯೋಕೆ ಕವಣೆ ಕೊಡಲಾ?”

ಶ್ರಾವಣ ಶನಿವಾರದಂದು ಹನುಮಪ್ಪನಿಗೆ ಕಲ್ಲು ಹೊಡೆಯುವುದೇ! “ಗಲಾಟೆಗೆ ನಮ್ಮ ಭಜನಾ ಮಂಡಳಿ ಇದೆ, ನೀನು ಹೊರಡು” ಎಂದೆ.

“ತಿನ್ನೋದೇನೂ ತೋರಿಸಬೇಡಿ, ಅಷ್ಟೇ” ಎನ್ನುತ್ತಲೇ ಓಡಿದಳು.

ಅವತ್ತಿನ ಭಜನೆ ಮೂರನೇ ಮಹಡಿಯ ಪದ್ಮಕ್ಕನ ಮನೆಯಲ್ಲಿ ನಿಗದಿಯಾಗಿತ್ತು. ಹೊಲದಲ್ಲೇ ಮಾಡೋಣ ಎಂದೆ. ಅವರು ಉಡುಪಿ ಕಡೆಯವರು. “ಎಂಥ ಮಾರಾಯ್ತಿ, ಮಂಗಗಳಿಗೆ ಭಜನೆಯಾ?” ಎಂದು ನಕ್ಕರು. ಆಮೇಲೆ ತಾವೇ ಜಾಗಟೆ ಚೀಲಕ್ಕೆ ಹಾಕಿಕೊಂಡು, “ನನ್ನ ಸ್ವರಕ್ಕೆ ನಮ್ಮ ಮನೆಯವರೇ ಎದ್ದು ಹೋಗ್ತಾರೆ, ಮಂಗ ಯಾವ ಲೆಕ್ಕ!” ಎಂದರು.

ಮಂಡಳಿಯವರೆಲ್ಲ ಚಪ್ಪರದ ಕೆಳಗೆ ಪ್ಲಾಸ್ಟಿಕ್ ಹಾಸಿ, ಹನುಮಂತನ ಫೋಟೋ ಇಟ್ಟು, ತಾಳ ಹಿಡಿದು ಕೂತೆವು. ಬೇಲಿಯಾಚೆಯ ಮರದಲ್ಲಿ ಇಡೀ ಹಿಂಡು. ನಾವು ಹಾಡುವಷ್ಟು ಹೊತ್ತು ತೆಪ್ಪಗಿರುತ್ತಿದ್ದವು. ಹಾಡು ನಿಂತರೆ ಒಂದು ಕೊಂಬೆ ಕೆಳಗೆ. ಹಾಗಾಗಿ ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದೆ ಒಂದರ ಹಿಂದೊಂದು ಹಾಡಿದೆವು. ಗಂಟಲು ಒಣಗಿತು.

ಮಧ್ಯಾಹ್ನವಾಯಿತು. ನೈವೇದ್ಯವಿಲ್ಲದೆ ಪೂಜೆ ಮುಗಿಯುತ್ತದೆಯೇ? ಸುನಂದಾಬಾಯಿಯ ಮಾತು ಮರೆತೇಹೋಗಿ, ಚೀಲದಿಂದ ಬಾಳೆಹಣ್ಣಿನ ಚಿಪ್ಪು ತೆಗೆದು ದೇವರ ಮುಂದಿಟ್ಟೆ.

ಧಡಧಡನೆ ಇಳಿದವು. ಕೆಲವು ಚಪ್ಪರ ಹತ್ತಿದವು, ಕಂಬಗಳು ವಾಲತೊಡಗಿದವು. ದೊಡ್ಡ ಗಡವವೊಂದು ನೇರವಾಗಿ ಫೋಟೋ ಪಕ್ಕದಲ್ಲೇ ಕೂತಿತು.

“ಅಯ್ಯೋ, ಸಾಕ್ಷಾತ್ ಬಂದೇ ಬಿಟ್ರಲ್ಲ!” ಎಂದು ಪದ್ಮಕ್ಕ ಕೈ ಮುಗಿದರು.

ನನಗೆ ಅಳು ಬಂತು. ಮಗಳ ಹತ್ತಿರ ಹೋದವಳಿಗೆ ನಾನೇನು ಹೇಳಲಿ? ನೈವೇದ್ಯವಾದ ಮೇಲೆ ಮಂಗಳಾರತಿ ಅಲ್ಲವೇ, ರೂಢಿಯ ಕೈ ತಾನಾಗಿ ಕರ್ಪೂರ ಹಚ್ಚಿತು. ಕರ್ಪೂರ ಕಂಡದ್ದೇ ಪದ್ಮಕ್ಕ, ಅವರಿಗೂ ಅದೇ ರೂಢಿ, ಕಣ್ಣು ಮುಚ್ಚಿ ಜಾಗಟೆ ಎತ್ತಿ ಬಾರಿಸಿದರು!

ಮಂಗಳಾರತಿಗಲ್ಲದೆ ನಾವು ಜಾಗಟೆ ಮುಟ್ಟುವುದಿಲ್ಲ. ಅದಕ್ಕೇ ಅದುವರೆಗೆ ಚೀಲದಲ್ಲಿತ್ತು. ಆ ಸದ್ದಿಗೆ ಹಿಂಡು ಚೆಲ್ಲಾಪಿಲ್ಲಿಯಾಗಿ ಕಾಡಿನೊಳಗೆ ಓಡಿತು. ಗಡವ ಮಾತ್ರ ಒಂದು ಹಣ್ಣು ಕಿತ್ತುಕೊಂಡೇ ಹೋಯಿತು. ಪ್ರಸಾದ ತಾನೇ, ಹೋಗಲಿ. ಅವತ್ತಿನ ಮಂಗಳಾರತಿ ಸಂಜೆಯವರೆಗೂ ನಡೆಯಿತು. ಕೈ ಸೋತಾಗ ಸರದಿ ಬದಲಿಸಿಕೊಂಡು, ಮಕ್ಕಳ ಹಾಗೆ ನಕ್ಕೂ ನಕ್ಕೂ ಬಾರಿಸಿದೆವು.

ಸುನಂದಾಬಾಯಿ ಬಂದವಳು ಚಪ್ಪರದ ಕಡೆ ನೋಡಲೇ ಇಲ್ಲ. “ಹೆಣ್ಣು ಮಗು, ಭಾಭಿ! ಇಬ್ರೂ ಚೆನ್ನಾಗಿದಾರೆ” ಎಂದು ನನ್ನನ್ನು ತಬ್ಬಿಕೊಂಡಳು. ಆಮೇಲೆ ತಲೆಯೆತ್ತಿದಳು. ನಾಲ್ಕಾರು ಕಾಯಿ ಹೋಗಿತ್ತು, ಉಳಿದದ್ದೆಲ್ಲ ಹಾಗೇ ತೂಗುತ್ತಿತ್ತು. ಅಷ್ಟರಲ್ಲಿ ಗಡವ ಬೇಲಿಯ ಬಳಿ ಎಸೆದು ಹೋಗಿದ್ದ ಬಾಳೆಹಣ್ಣಿನ ಸಿಪ್ಪೆ ಅವಳ ಕಣ್ಣಿಗೆ ಬಿತ್ತು. ನಮ್ಮ ಮುಖ ನೋಡಿ ಹೊಟ್ಟೆ ಹಿಡಿದು ನಕ್ಕಳು.

ಕೂಸು ಬಂತು, ಚಪ್ಪರ ಉಳಿಯಿತು, ಮಳೆಯೂ ನಾವು ಮನೆ ಸೇರುವವರೆಗೆ ತಡೆದುಕೊಂಡಿತು. ಒಂದೇ ದಿನ ದೇವರು ಇನ್ನೆಷ್ಟು ಕೊಡಬೇಕು?

ಈಗ ಕಾಯಿ ಬಿಡುವ ಕಾಲದಲ್ಲಿ ನಮ್ಮ ಶನಿವಾರದ ಭಜನೆ ಆ ಹೊಲದಲ್ಲೇ. ಸೀರೆಯ ಜೋಲಿಯಲ್ಲಿ ಮಲಗಿದ ಕೂಸು ಜಾಗಟೆಗೂ ಏಳುವುದಿಲ್ಲ. ನೈವೇದ್ಯ ಮಾತ್ರ ಮನೆಯಲ್ಲೇ ಮುಗಿಸಿ ಹೋಗುತ್ತೇವೆ.