ಆರು ಸೀಸೆಗಳ ದಾವಣಿ

ನನ್ನ ಅತ್ತೆಯವರ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಸುತ್ತಲೂ ಒಂದು ಗೀರಿತ್ತು, ಜೋಳದ ಕಾಳು ಇಟ್ಟರೆ ನಿಲ್ಲುವಷ್ಟು ಆಳ. ಹುರಿ ಹೊಸೆದು ಹೊಸೆದು ಬಿದ್ದ ಗೀರು ಅದು. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಪುಂಡಿ ನಾರಿನ ಎಳೆಗಳನ್ನು ಆ ಬೆರಳಿಗೆ ಸಿಕ್ಕಿಸಿಕೊಂಡು, ಎರಡೂ ಅಂಗೈಗಳಲ್ಲಿ ಸರಸರ ಉಜ್ಜುತ್ತಿದ್ದರು. ನೋಡನೋಡುತ್ತಿದ್ದಂತೆ ಮಾರುದ್ದ ಹುರಿ ಪಕ್ಕಕ್ಕೆ ಬಂದು ಬೀಳುತ್ತಿತ್ತು. ಹಗ್ಗ ಹೊಸೆಯುವುದು ಗಂಡಸರ ಕೆಲಸ ಎಂದು ಓಣಿಯವರು ಯಾರಾದರೂ ಅಂದರೆ ತಲೆ ಎತ್ತದೆಯೇ ಕೇಳುತ್ತಿದ್ದರು: "ಯಾಕ, ಹಗ್ಗಕ್ಕೇನು ಮೀಸಿ ಇರ್ತಾವೇನು?"

ನಾನು ಕುಷ್ಟಗಿ ಕಡೆಯವಳು. ಮೂವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಕೊಪ್ಪಳದ ಆ ಮನೆಗೆ ಬಂದೆ. ಅತ್ತೆ ಎಂದರೆ ಹುಲಿ ಎಂದು ನಮ್ಮವ್ವ ಹೆದರಿಸಿಯೇ ಕಳಿಸಿದ್ದಳು. ಇವರೋ, ಮೊದಲ ದಿನವೇ ನನ್ನ ಮುಂದೆ ಹತ್ತು ಖಾಲಿ ಸೀಸೆ ತಂದಿಟ್ಟು, "ಮೂಸಿ ನೋಡು, ಯಾವುದರಾಗ ಏನಿತ್ತು ಹೇಳು" ಎಂದರು. ಕೆಮ್ಮಿನ ಔಷಧ, ಗುಲಾಬಿ ಶರಬತ್ತು, ಸಿರ್ಕಾ, ಹೀಗೆ ಏಳು ಸರಿ ಹೇಳಿದೆ. "ಮೂಗು ಛಲೋ ಐತಿ. ಇಂಥಾ ಸೊಸೀನ ಬೇಕಾಗಿದ್ಲು ನನಗ" ಎಂದು ಬೆನ್ನು ತಟ್ಟಿದರು. ನನ್ನ ಮೂಗನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ. ಮೊಂಡು ಮೂಗೆಂದೇ ಎರಡು ಸಂಬಂಧ ತಪ್ಪಿಹೋಗಿದ್ದವು. ನಾನು ಆವತ್ತೇ ಆ ಹೆಂಗಸಿಗೆ ಸೋತುಬಿಟ್ಟೆ.

ಅತ್ತೆ ತಲೆಗೆ ಹಚ್ಚುವ ಎಣ್ಣೆ ಕಾಸುತ್ತಿದ್ದರು. ಹಿತ್ತಲಲ್ಲಿ ಅದಕ್ಕೇ ಒಂದು ಬೇರೆ ಒಲೆ. ಎಳ್ಳೆಣ್ಣೆ, ಅದಕ್ಕಿಷ್ಟು ಔಡಲೆಣ್ಣೆ, ಗರಗದ ಸೊಪ್ಪಿನ ರಸ, ಒಂದು ಹಿಡಿ ಮೆಂತ್ಯ. ಸೊಪ್ಪಿನ ನೀರೆಲ್ಲ ಆರಿ ಚಟಪಟ ಸದ್ದು ನಿಂತ ಕ್ಷಣವೇ ಹದ. ಅದಕ್ಕಿಂತ ಮೊದಲು ಇಳಿಸಿದರೆ ಕಮಟು, ಆಮೇಲೆ ಇಳಿಸಿದರೆ ಹೊತ್ತಿದ ವಾಸನೆ. ಆ ಸದ್ದು ನಿಲ್ಲುವುದನ್ನು ಕೇಳಲು ಮನೆಯವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಉಳಿದ ಹೊತ್ತಿನಲ್ಲಿ ಮಾತು ಅವರದೇ. ಸೀಸೆ ತೊಳೆಯುವಾಗ ಸೀಸೆಯ ಜೊತೆಗೂ ಮಾತಾಡುತ್ತಿದ್ದರು: "ಬಾರೇ ಗಿಡ್ಡಿ, ನಿನ್ನ ಹೊಟ್ಟಿ ನೋಡು, ನಿನಗ ಪಾವ್‌ಸೇರು ಹಿಡಿಸೂದು ಹೆಂಗ?"

ಹೊಸ ಸೀಸೆ ನಮಗೆಲ್ಲಿ ಸಿಗಬೇಕು? ದವಾಖಾನೆಯ ಕಾಂಪೌಂಡರ್ ಕೊಟ್ಟದ್ದು, ಶರಬತ್ತಿನ ಅಂಗಡಿಯದ್ದು, ಸಾಹುಕಾರರ ಮನೆಯಿಂದ ಬಂದದ್ದು. ಒಂದು ಕುಳ್ಳು, ಒಂದು ಉದ್ದ, ಒಂದು ಚೌಕ, ಇನ್ನೊಂದು ಬಸುರಿ. ಇವನ್ನೆಲ್ಲ ಮಾವ ಬುಟ್ಟಿಗೆ ತುಂಬಿ, ನಡುನಡುವೆ ಜೋಳದ ಕಣಿಕೆ ಒತ್ತಿ, ಚಕ್ಕಡಿಯಲ್ಲಿ ಯಲಬುರ್ಗಾ, ಕುಷ್ಟಗಿ ಸಂತೆಗಳಿಗೆ ಒಯ್ಯುತ್ತಿದ್ದರು. ಬೇವೂರಿನ ಕಡೆಯ ಕಲ್ಲುದಾರಿಗೆ ಬಿದ್ದರೆ ಸಾಕು, ಬುಟ್ಟಿಯೊಳಗೆ ಗಿಡ್ಡಿಯೂ ಬಸುರಿಯೂ ಢಿಕ್ಕಿ ಹೊಡೆದುಕೊಂಡು ಪ್ರಾಣ ಬಿಡುತ್ತಿದ್ದವು. "ತುಂಬಿದ ಕೊಡ ತುಳುಕಂಗಿಲ್ಲ ಅಂತಾರ. ನಿಮ್ಮ ಮಾವನ ಚಕ್ಕಡ್ಯಾಗ ತುಂಬಿದ್ದ ಮೊದಲ ಒಡೀತೈತಿ" ಎಂದು ಅತ್ತೆ ಚೇಷ್ಟೆ ಮಾಡುತ್ತಿದ್ದರು.

ಮಾವ ಚೇಷ್ಟೆಯ ಮನುಷ್ಯರಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಆಡಿದ್ದನ್ನು ಮಾತ್ರ ಬಿಡುತ್ತಿರಲಿಲ್ಲ. ದಾಯಾದಿಯ ಹೊಸ್ತಿಲು ತುಳಿಯುವುದಿಲ್ಲ ಎಂದು ಒಮ್ಮೆ ಅಂದುಬಿಟ್ಟಿದ್ದರಂತೆ. ಆ ಮನೆಯ ಮದುವೆಯಲ್ಲಿ ಹೊಸ್ತಿಲ ಹೊರಗೇ ಕುಳಿತು ಹೋಳಿಗೆ ಉಂಡು ಬಂದವರು.

ಒಂದು ಸಲ ಯಲಬುರ್ಗಾದ ದಾರಿಯಲ್ಲಿ ಎಂಟು ಸೀಸೆ ಒಡೆದು ಎಣ್ಣೆಯೆಲ್ಲ ಕಣಿಕೆಗೆ ಇಳಿಯಿತು. ಮಾವ ಗಾಜು ಆರಿಸಿ ಹೊರಗೆ ಎಸೆದರು. ಒಳ್ಳೆಯ ಮೇವು ಹಾಳಾಗಬಾರದೆಂದು ಕಣಿಕೆಯನ್ನು ಕೊಡವಿ ಕೊಡವಿ ಎತ್ತುಗಳಿಗೆ ಹಾಕಿದರು. ಹೊಟ್ಟೆ ತೊಳೆಯುವ ಔಡಲೆಣ್ಣೆ ಕುಡಿದ ಮೇವು! ಆ ಎರಡು ಎತ್ತುಗಳು ಸಂತೆಯ ನಡುಬಜಾರಿನಲ್ಲಿ ಶುರುವಿಟ್ಟದ್ದು ಕೊಪ್ಪಳದ ಅಗಸಿಗೆ ಬರುವ ತನಕ ನಿಲ್ಲಲಿಲ್ಲ. ಮಾವ ಮನೆಗೆ ಬಂದವರೇ ಕೈಕಾಲು ಕೂಡ ತೊಳೆಯದೆ ಅಂಗಳದಲ್ಲಿ ನಿಂತು ಹೇಳಿದರು: "ಇನ್ನ ಒಂದ ಒಂದು ಸೀಸಿ ಒಡೀಲಿ, ಆ ಎಣ್ಣಿ ಒಲಿ ಆರಸ್ತೀನಿ. ನನಗ ಮೊದಲು ನನ್ನ ಎತ್ತು, ಆಮ್ಯಾಲೆ ಮಂದಿ ಕೂದಲಾ."

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಅತ್ತೆಯ ಮುಖ ನೋಡಿದೆ, ನಗು ನಿಂತಿತು. ಮರುದಿನ ಸಂಜೆ ಒಲೆಯ ಬೂದಿ ತೆಗೆಯುತ್ತಾ ಮೆಲ್ಲಗೆ ಅಂದರು: "ಈ ಮನ್ಯಾಗ ಎತ್ತು ಅವರವು, ಹೊಲ ಅವರದು, ಮಗಾ ಅವರ ಹೆಸರಿನವ. ಇದೊಂದು ಒಲಿ ನಂದು ಯವ್ವಾ. ಇದು ಆರಿದ್ರ ನಾ ಇಲ್ಲಿ ಬರೇ ರೊಟ್ಟಿ ಬಡಿಯಾಕಿ." ನಾನು ಬೂದಿಯ ಬುಟ್ಟಿ ಅವರ ಕೈಯಿಂದ ತೆಗೆದುಕೊಂಡೆ, ಅಷ್ಟೇ.

ಅದು ಸುಗ್ಗಿಯ ಕಾಲ. ಹೊಲದ ಕಣದಲ್ಲಿ ಹಂತಿ ಹೂಡಿದ್ದರು. ನಡುವೆ ಮೇಟಿಕಂಬ, ಅದಕ್ಕೊಂದು ದಾವಣಿ ಹಗ್ಗ, ಆ ಹಗ್ಗದ ಕಣ್ಣಿಗಳಲ್ಲಿ ಸಾಲಾಗಿ ಆರು ಎತ್ತಿನ ಕೊರಳು. ಬುತ್ತಿ ಹೊತ್ತು ಹೋದ ನಾವಿಬ್ಬರೂ ಬದುವಿನ ಮೇಲೆ ಕುಳಿತಿದ್ದೆವು. ಎತ್ತುಗಳು ತೆನೆ ತುಳಿಯುತ್ತಾ ಗಿರಗಿರನೆ ತಿರುಗುತ್ತಿದ್ದವು. ಅತ್ತೆ ಇದ್ದಕ್ಕಿದ್ದಂತೆ ನನ್ನ ತೊಡೆಗೆ ಫಟ್ಟನೆ ಹೊಡೆದರು. "ನೋಡಿಲ್ಲೆ! ಆರು ಎತ್ತು, ಒಂದು ಗಿಡ್ಡ, ಒಂದು ಉದ್ದ. ಒಂದಕ್ಕೊಂದು ಹಾಯ್ತಾವೇನು? ಯಾಕ ಹಾಯಂಗಿಲ್ಲ? ಕೊಳ್ಳು ಕಟ್ಟೈತಿ!" ಬುತ್ತಿ ಬಿಚ್ಚದೆ ಅಲ್ಲೇ ಇಟ್ಟು ಮನೆಗೆ ಓಡಿದರು. ಅವತ್ತು ಮಾವ ತಾವೇ ಬಡಿಸಿಕೊಂಡು ಉಂಡರು.

ಮೊದಲು ಕೊರಳಷ್ಟೇ ಕಟ್ಟಿದರು. ಎರಡು ಸಾಲು, ಸಾಲಿಗೆ ಮೂರು ಸೀಸೆ. ಒಂದೇ ಹುರಿ ಒಂದು ಕೊರಳು ಸುತ್ತಿ ಮುಂದಿನದಕ್ಕೆ ಹೋಗಿ ತಿರುಗಿ ಬರಬೇಕು. ಎತ್ತಿ ಅಲುಗಿಸಿದರೆ ಕೆಳಗೆ ತಳಗಳು ಬಡಿದಾಡಿದವು. ಹೊಟ್ಟೆಗೂ ಒಂದು ಸುತ್ತು ಹಾಕಿದರು. ಆಗಲೂ ಸಣ್ಣಗೆ ಟಿಣಿಟಿಣಿ. "ನಡುವ ಹಳೇ ಕೌದಿ ಚಿಂದಿ ಇಟ್ರ?" ಎಂದು ನಾನು ಹೆದರುತ್ತಾ ಕೇಳಿದೆ. ಅತ್ತೆ ನನ್ನನ್ನೇ ನೋಡಿದರು, ಆಮೇಲೆ ಎದ್ದು ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದರು: "ನನ್ನ ಸೊಸಿ ಭಾಳ ಶಾಣ್ಯಾಕಿ ಅದಾಳ್ರವ್ವೋ!" ಮೇಲೆ ಎತ್ತಲು ಒಂದು ಹಿಡಿಕೆ ಬಂತು. ಆರು ಸೀಸೆಯ ಆ ಗೊಂಚಲನ್ನು ಹಿಡಿದು ಅಂಗಳದ ತುಂಬ ಜಿಗಿದಾಡಿದರು, ಕಟ್ಟೆಯಿಂದ ಕೆಳಗೆ ಉರುಳಿಸಿದರು. ಒಂದೂ ಒಡೆಯಲಿಲ್ಲ. ಅದಕ್ಕೆ ಅವರಿಟ್ಟ ಹೆಸರು ದಾವಣಿ.

ಅದೇ ಬೇಸಿಗೆಯಲ್ಲಿ ವಿರೂಪಾಪುರಗಡ್ಡೆಯ ಒಂದು ಮದುವೆ ಮನೆಯಿಂದ ಎಣ್ಣೆಗೆ ಹೇಳಿಕಳಿಸಿದರು. ನಾಲ್ಕು ದಾವಣಿ ಕಟ್ಟಿದೆವು. "ಒಂದ ಸೀಸಿ" ಎಂದು ಮಾವ ಬೆರಳು ತೋರಿಸಿದರು. "ಒಂದ ಸೀಸಿ. ನಾನೂ ಬರ್ತೀನಿ, ಕಣ್ಣಾರೆ ನೋಡೂಣು" ಎಂದು ಅತ್ತೆ ನನ್ನನ್ನೂ ಎಳೆದುಕೊಂಡು ಚಕ್ಕಡಿ ಹತ್ತಿದರು. ಗಂಗಾವತಿಯವರೆಗೆ ಮಾವ ಬೇಕೆಂತಲೇ ಕಲ್ಲು ಹುಡುಕಿ ಹುಡುಕಿ ಗಾಲಿ ಹಾಯಿಸಿದರು ಎಂದು ನನ್ನ ಗುಮಾನಿ. ಪ್ರತಿ ಕುಲುಕಿಗೂ ಅತ್ತೆ ಕಣ್ಣು ಮುಚ್ಚಿ ಕಿವಿಗೊಡುತ್ತಿದ್ದರು. ಒಳಗಿನಿಂದ ಸದ್ದೇ ಇಲ್ಲ.

ಗಡ್ಡೆಗೆ ಹರಿಗೋಲಿನಲ್ಲಿ ದಾಟಬೇಕು. ಆ ಹರಿಗೋಲು ಸೋರುತ್ತಿತ್ತು. ನಾಲ್ಕೂ ದಾವಣಿ ಪಾದಮಟ್ಟದ ನೀರಿನಲ್ಲಿ ಕುಳಿತೇ ಹೊಳೆ ದಾಟಿದವು. ನೆನೆದ ನಾರು ಬಿಗಿಯುತ್ತದೆ ಎಂಬುದು ಹಗ್ಗ ಹೊಸೆಯುವವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಸೀಸೆ ಒಡೆಯಲಿಲ್ಲವೆಂಬ ಸಂಭ್ರಮದಲ್ಲಿ ಅತ್ತೆ ಅದನ್ನು ಪೂರ್ತಿ ಮರೆತುಬಿಟ್ಟರು.

ಮದುವೆ ಮನೆಯ ಅಂಗಳದಲ್ಲಿ ಹತ್ತಿಪ್ಪತ್ತು ಹೆಂಗಸರು ತಲೆ ಬಿಚ್ಚಿಕೊಂಡು ಕಾಯುತ್ತಿದ್ದರು. ಮನೆಯ ಹಿರಿಯಜ್ಜಿ, "ಈ ಮನಿಗೆ ಎರಡು ಸೀಸಿ ಬಿಚ್ಚಿ ಕೊಡವ್ವ, ಬೀಗರ ಬಿಡಾರಕ್ಕೊಂದು, ಗೌಡರ ಮನಿಗೊಂದು" ಎಂದರು. ಅತ್ತೆ ಗಂಟಿಗೆ ಕೈ ಹಾಕಿದರು. ಬಿಚ್ಚಲಿಲ್ಲ. ಉಗುರು ಹಾಕಿದರು, ಹಲ್ಲು ಹಾಕಿದರು. ಹೆಂಗಸರು ಕಿಸಕ್ಕನೆ ನಕ್ಕರು. ಅತ್ತೆಗೆ ರೋಷ ಬಂತು. ಒಂದು ಸೀಸೆಯ ಹೊಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಹುರಿಯನ್ನು ಬಲವಾಗಿ ಜಗ್ಗಿದರು. ಟಕ್ ಎಂದಿತು. ಸೀಸೆಯ ಕೊರಳು ಹುರಿಯಲ್ಲೇ ಉಳಿಯಿತು.

ಬಾಯಿ ಹೋದ ಸೀಸೆಯಿಂದ ಎಣ್ಣೆ ಸಣ್ಣಗೆ ಇಳಿಯುತ್ತಿತ್ತು. ಅತ್ತೆ ಎಣ್ಣೆ ನೋಡಲಿಲ್ಲ, ಮಾವನನ್ನು ನೋಡಿದರು. "ಆತು. ನನ್ನ ಕೈಲೇ ಆರ್ತು ನನ್ನ ಒಲಿ" ಎಂದರು. ಹೊಸ್ತಿಲ ಹೊರಗೆ ಕುಳಿತು ಹೋಳಿಗೆ ಉಂಡ ಮನುಷ್ಯ ಅಲ್ಲಿ ನಿಂತಿದ್ದರು.

ಮಾವ ನಿಧಾನಕ್ಕೆ ಹತ್ತಿರ ಬಂದರು. ಸುರಿಯುವ ಎಣ್ಣೆಗೆ ಅಂಗೈ ಒಡ್ಡಿದರು. ಇನ್ನೊಂದು ಕೈಯಿಂದ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅಷ್ಟು ಹೆಂಗಸರ ಎದುರಿಗೆ, ಒಂದೂ ಕೂದಲಿಲ್ಲದ ಆ ಬುರುಡೆಗೆ ಎಣ್ಣೆ ಸುರಿದುಕೊಂಡು ತಪತಪ ತಟ್ಟಿಕೊಂಡರು. "ಯಾರು ಒಡದಾರ?" ಎಂದರು. "ನನ್ನ ತಲಿಗೆ ಹಚ್ಕೊಳ್ಳಾಕ ನಾನ ಒಂದು ತೆಗಿ ಅಂದಿದ್ದೆ. ಆಕಿ ತೆಗದಾಳ."

ನಾನು ಅಂಥ ನಗುವನ್ನು ಮತ್ತೆ ಎಲ್ಲೂ ಕೇಳಿಲ್ಲ. ತಲೆ ಬಿಚ್ಚಿದ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮದುಮಗಳು ಅರಿಶಿನದ ಕೈಯನ್ನೇ ಮುಖಕ್ಕೆ ಮುಚ್ಚಿಕೊಂಡಳು. ಅತ್ತೆ ನಗುತ್ತಲೇ ಅಳುತ್ತಿದ್ದರು, ನಾನೂ ಅಷ್ಟೇ. ತಮ್ಮ ಜೀವಮಾನದಲ್ಲಿ ಮಾವ ಆಡಿದ ಒಂದೇ ಸುಳ್ಳು ಅದು ಎಂದು ಅತ್ತೆ ಆಮೇಲೆ ಎಲ್ಲರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದರು.

ಯಾರೋ ಕುಡುಗೋಲು ತಂದರು. ಹಿರಿಯಜ್ಜಿ ತಡೆದರು: "ಬ್ಯಾಡ ತಂಗಿ. ಮದುವಿ ಮನ್ಯಾಗ ಕೂಡಿಸಿದ್ದನ್ನ ಕೊಯ್ಯಬಾರದು. ಹಂಗ ಗೂಟಕ್ಕ ಹಾಕು, ಬೇಕಾದವರು ಇಲ್ಲೇ ಬಂದು ಹಚ್ಕೊಳ್ಳಲಿ." ದಾವಣಿ ಗೂಟಕ್ಕೆ ಏರಿತು. ಬೇಕಾದವರು ಬಂದು, ಒಂದು ಸೀಸೆಯ ಬೂಚು ತೆಗೆದು, ಇಡೀ ಗೊಂಚಲನ್ನೇ ಬಗ್ಗಿಸಿ ಎಣ್ಣೆ ಹನಿಸಿಕೊಂಡರು. ಗಂಡಿನ ಕಡೆಯವರು ಬಂದರು, ಗೌಡರ ಮನೆಯವರೂ ಬಂದರು. ಊರಿನ ಹೆಂಗಸರೆಲ್ಲ ಒಂದೇ ಗೂಟದ ಕೆಳಗೆ ಸೇರಿದರು.

ಅಲ್ಲಿಂದ ನಾವು ಬಿಡಿ ಸೀಸೆ ಮಾರುವುದನ್ನೇ ಬಿಟ್ಟೆವು. ಆರು ಮನೆಯವರು ಸೇರಿ ಒಂದು ದಾವಣಿ ಕೊಳ್ಳುವುದು, ಒಂದು ಮನೆಯ ಪಡಸಾಲೆಗೆ ತೂಗುಹಾಕುವುದು, ತಮ್ಮ ತಮ್ಮ ಸೀಸೆಯ ಕೊರಳಿಗೆ ಗುರುತಿನ ಬಣ್ಣದ ಚಿಂದಿ ಕಟ್ಟಿಕೊಳ್ಳುವುದು, ಇದೇ ರೂಢಿಯಾಯಿತು. ಹುಲಿಹೈದರದಲ್ಲಿ ಇಬ್ಬರು ವಾರಗಿತ್ತಿಯರು ಎರಡು ವರ್ಷದಿಂದ ಮಾತು ಬಿಟ್ಟಿದ್ದರಂತೆ. ಅವರ ಸೀಸೆಗಳು ಅಕ್ಕಪಕ್ಕ ಬಿದ್ದವು. ಒಬ್ಬಳು ಗೊಂಚಲು ಬಗ್ಗಿಸಿದರೆ ಇನ್ನೊಬ್ಬಳು ಹಿಡಿಯಲೇಬೇಕು. ಮೂರನೆಯ ವಾರಕ್ಕೆ, "ಜರಾ ಮ್ಯಾಲೆತ್ತು" ಎಂದು ಮಾತು ಶುರುವಾಯಿತು. ಈ ಸುದ್ದಿ ತಂದವಳಿಗೆ ಅತ್ತೆ ಅರ್ಧ ಸೇರು ಶೇಂಗಾ ಹುರಿದು ಕೊಟ್ಟರು.

ನನಗೆ ಹದ ಕೇಳುವುದನ್ನು ಕಲಿಸಿದವರು ಅವರೇ. ಕೊನೆಯ ಎರಡು ವರ್ಷ ಮೊಣಕಾಲು ನೋವಿನಿಂದ ಒಲೆಯ ಮುಂದೆ ಕೂರಲಾಗುತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಮಲಗಿಯೇ ಕಿವಿಗೊಟ್ಟು, "ಇನ್ನೂ ಐತಿ, ಇನ್ನೂ ಐತಿ... ಹಾಂ, ಇಳಿಸು" ಎನ್ನುತ್ತಿದ್ದರು. ಎಣ್ಣೆ ಹೊಗಳಲು ಬಂದವರಿಗೆ, "ನನ್ನ ಮುಂದ ಯಾಕ ಹೇಳ್ತೀರಿ, ಆಕಿಗೆ ಹೇಳ್ರಿ. ಎಣ್ಣಿ ಆಕಿದು" ಎಂದು ಕಳಿಸುತ್ತಿದ್ದರು. ಹಾಗೆಂದು ನನ್ನ ಬಗ್ಗೆ ಹೇಳುವವರು ನನಗೆ ತವರಿನಲ್ಲೂ ಇರಲಿಲ್ಲ.

ನಲವತ್ತರ ದಶಕದ ಕೊನೆಯ ಒಂದು ಚಳಿಗಾಲದ ಬೆಳಿಗ್ಗೆ ಅವರಿಗೆ ಉಸಿರು ಹತ್ತಿತು. ಒಲೆಯ ಮೇಲೆ ಎಣ್ಣೆ ಇತ್ತು. ನಾನು ಕೈ ಹಿಡಿದು ಕುಳಿತರೆ ಬಿಡಿಸಿಕೊಂಡರು. "ಇಲ್ಲಿ ಕುಂತು ಏನ್ ಮಾಡ್ತಿ? ಅದು ಹತ್ತತೈತಿ ನೋಡು, ಹೋಗು" ಎಂದು ಗದರಿದರು. ಹೋದೆ. ಸದ್ದು ನಿಂತ ಕ್ಷಣಕ್ಕೆ ಇಳಿಸಿ ಒಳಗೆ ಬಂದಾಗ ಮಾವ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. "ಹದಕ್ಕ ಬಂತೇನು?" ಎಂದು ಕೇಳಿದರು. ಬಂತು ಎಂದೆ. "ಆಕೀನೂ ಕೇಳಿಸ್ಕೊಂಡ್ಲು" ಎಂದರು.

ಓಣಿ ತುಂಬಿತು. ಸಾವಿನ ಮನೆಯಲ್ಲಿ ಬೆಂಕಿ ಇರಬಾರದೆಂದು ಹಿರಿಯರು ಅಡುಗೆ ಒಲೆಗೆ ನೀರು ಹೊಯ್ದು, ಅದೇ ತಂಬಿಗೆ ಹಿಡಿದು ಹಿತ್ತಲಿಗೆ ನಡೆದರು. ಮಾವ ಕುಳಿತಲ್ಲಿಂದಲೇ ತಡೆದರು.

"ಅದು ಬ್ಯಾಡ. ಅದು ಆಕಿ ಒಲಿ. ಅದನ್ನ ಆರಸಾಕ ನನಗೂ ಹಕ್ಕಿಲ್ಲ, ನಿಮಗೂ ಇಲ್ಲ."

ಆಮೇಲೆ ನನ್ನ ಕಡೆಗೆ ತಿರುಗಿ, "ಹೋಗವ್ವ" ಎಂದರು. ನಾನು ಎದ್ದು ಹಿತ್ತಲಿಗೆ ಹೋಗಿ ಒಲೆಗೆ ಎರಡು ತೊಗರಿ ಕಟ್ಟಿಗೆ ಇಟ್ಟೆ.