ಪಿಕಪ್ ಆದ ಮರಿ

ಮೊನ್ನೆ ಒಂಬತ್ತನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ‘ಪಿಕ್ ಅಪ್’ ಎಂದು ಬರೆದು, ಕೆಳಗೆ ಬಿದ್ದಿದ್ದ ಸೀಮೆಸುಣ್ಣವನ್ನು ಎತ್ತಿ ತೋರಿಸಿ, “ಇದನ್ನ ಸ್ವಂತ ವಾಕ್ಯದಲ್ಲಿ ಬಳಸಿ ನೋಡೋಣ” ಎಂದೆ. ಪೆನ್ನು ಎತ್ತಿದೆ, ಪುಸ್ತಕ ಎತ್ತಿದೆ ಎನ್ನುವಂಥ ಸಾಧುಪ್ರಾಣಿ ವಾಕ್ಯಗಳು ಬರುತ್ತವೆಂದು ಕಾದಿದ್ದೆ. ಕೊನೇ ಬೆಂಚಿನ ಹುಡುಗಿ ಎದ್ದು ನಿಂತು, “ಮಿಸ್, ನಮ್ಮಜ್ಜಿ ಜ್ವರ ಬಂದು ಮಲಗ್ಬುಟ್ಟಿತ್ತು, ಈಗ ಪಿಕಪ್ ಆಗೈತೆ” ಎಂದಳು. ತರಗತಿ ಗೊಳ್ಳೆಂದಿತು. ನನಗೆ ಮಾತ್ರ ನಗು ಬರಲಿಲ್ಲ. ಆ ಹುಡುಗಿಯ ಬಾಯಲ್ಲಿ ನಮ್ಮ ಕೆಂಪಮ್ಮತ್ತೆ ಮಾತಾಡಿದ ಹಾಗಾಯಿತು.

ಕೆಂಪಮ್ಮತ್ತೆ ನನ್ನ ಅಪ್ಪನ ಅಕ್ಕ. ನಮ್ಮದು ಗುಡೇಮಾರನಹಳ್ಳಿ. ಮಾಗಡಿಗೆ ಹೋಗುವ ಬಸ್ಸು ಏರು ಸಿಕ್ಕಿದಲ್ಲೆಲ್ಲ ಏದುಸಿರು ಬಿಡುತ್ತಿತ್ತು. ಡ್ರೈವರು “ಗಾಡೀಲಿ ಪಿಕಪ್ಪೇ ಇಲ್ಲ” ಎಂದು ಗೊಣಗುತ್ತಿದ್ದ. ಮುಂದಿನ ಸೀಟಿನಲ್ಲಿ ಕೂತಿದ್ದ ಅತ್ತೆ ಆ ಪದವನ್ನು ಟಿಕೆಟ್ಟಿನ ಜೊತೆಗೇ ಮನೆಗೆ ತಂದಳೆಂದು ಕಾಣುತ್ತದೆ. ಆಮೇಲೆ ನಮ್ಮ ಮನೆಯಲ್ಲಿ ಅದು ತಗುಲದ ವಸ್ತುವೇ ಉಳಿಯಲಿಲ್ಲ. ಸೊರಗಿದ ಅವರೆ ಗಿಡ, ಹಾಲು ಕಮ್ಮಿಯಾದ ಹಸು, ಮಗ್ಗಿ ತಲೆಗೆ ಹತ್ತದ ನಾನು, ಎಲ್ಲಕ್ಕೂ ಒಂದೇ ಮಾತು: “ಒಸಿ ತಡ್ಕಳಿ, ಪಿಕಪ್ ಆಯ್ತದೆ.” ಚೇತರಿಸಿಕೊಳ್ಳುವುದು ಎನ್ನುವ ಆ ಅರ್ಥ ನಿಘಂಟಿನಲ್ಲೂ ಇದೆ. ನಾನು ಅದನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದೆ. ಅತ್ತೆ ಬಸ್ಸಿನಲ್ಲಿ ಕಲಿತಳು, ಅಷ್ಟೇ ವ್ಯತ್ಯಾಸ.

ಅತ್ತೆಯ ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ ದಿನವೇ ಅತ್ತೆ ಉಟ್ಟ ಸೀರೆಯಲ್ಲಿ ತವರಿಗೆ ಬಂದುಬಿಟ್ಟಿದ್ದಳು. ನಮ್ಮ ಮನೆಯಲ್ಲಿ ಯಾರೂ ಅವಳಿಗೆ ಒಂದು ಮಾತು ಅಂದವರಲ್ಲ. ಹಾಗಂತ ಅವಳದು ಎನ್ನುವುದೂ ಏನೂ ಇರಲಿಲ್ಲ ನೋಡಿ. ಬೆಳಗಾದರೆ ಹಟ್ಟಿ ಗುಡಿಸುತ್ತಿದ್ದಳು, ಮಂದೆಯ ಹಿಂದೆ ಹೋಗುತ್ತಿದ್ದಳು, ಆದರೆ ಬಾಯಲ್ಲಿ ಮಾತ್ರ “ನಿಮ್ಮ ಕುರಿ”, “ನಿಮ್ಮ ಹಸ”. ಅಪ್ಪ ಎಷ್ಟೋ ಸಲ “ನಮ್ಮ ಅನ್ನಕ್ಕ” ಎಂದು ರೇಗಿದ್ದುಂಟು. ಅತ್ತೆ ಹೂಂ ಎನ್ನುವಳು, ಮತ್ತೆ ನಿಮ್ಮ ಎನ್ನುವಳು.

ಒಂದು ಸಲ ಕುರಿಯೊಂದು ಅವಳಿ ಮರಿ ಹಾಕಿತು. ಒಂದು ಗಟ್ಟಿಮುಟ್ಟು. ಇನ್ನೊಂದು ಹೆಣ್ಣು, ನಿಂತರೆ ಬೀಳುತ್ತಿತ್ತು. ತಾಯಿಯೇ ಅದನ್ನು ಗುಮ್ಮಿ ಗುಮ್ಮಿ ಆಚೆ ತಳ್ಳಿತು.

“ಇದು ಉಳಿಯಾಕಿಲ್ಲ ಬುಡಕ್ಕ” ಎಂದ ಅಪ್ಪ.

“ಉಳಿಸ್ಕಂಡ್ರೆ?”

“ಉಳಿಸ್ಕಂಡ್ರೆ ನೀನೇ ಮಡಗ್ಕೋ ಹೋಗು.”

ಅಪ್ಪ ಬೀಡಿ ಹಚ್ಚುತ್ತ ಆಡಿದ ಮಾತು ಅದು. ಅತ್ತೆ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

ಅದೇ ವಾರ ಇನ್ನೊಂದು ಕುರಿಯ ಮರಿ ಸತ್ತಿತ್ತು. ಅತ್ತೆ ಉಪ್ಪು ನೀರು ಕಲಸಿ ಈ ಬಡಕಲು ಮರಿಯ ಬೆನ್ನಿಗೆ ತಿಕ್ಕಿದಳು. ಉಪ್ಪಿನ ಆಸೆಗೆ ಮರಿ ಸತ್ತ ಆ ಕುರಿ ನೆಕ್ಕಬೇಕು, ನೆಕ್ಕಿ ನೆಕ್ಕಿ ವಾಸನೆ ಹಿಡಿದು ತನ್ನದೇ ಅಂದುಕೊಳ್ಳಬೇಕು, ಅದು ಉಪಾಯ. ಅಲ್ಲಿಯವರೆಗೆ ಕುರಿಯ ಕತ್ತನ್ನು ಅತ್ತೆ ಮಂಡಿಗಳ ನಡುವೆ ಹಿಡಿಯುವುದು, ನಾನು ಮರಿಯನ್ನು ಕೆಚ್ಚಲಿಗೆ ಒಡ್ಡುವುದು. ಮೊದಲ ದಿನವೇ ಕುರಿ ಝಾಡಿಸಿ ಒದ್ದ ಏಟಿಗೆ ನಾನು ಗೊಬ್ಬರದ ಮೇಲೆ ಕೂತಿದ್ದೆ. “ನೀನೂ ಪಿಕಪ್ ಆಯ್ತೀಯ, ಏಳಮ್ಮಿ” ಎಂದಳು ಅತ್ತೆ, ಕೈ ಕೊಡದೆ. ಎಷ್ಟೋ ದಿನ ಹೀಗೇ ಒದೆಸಿಕೊಂಡ ಮೇಲೆ, ಒಂದು ಬೆಳಿಗ್ಗೆ ಹಟ್ಟಿಗೆ ಹೋಗಿ ನೋಡಿದರೆ ಯಾರೂ ಹಿಡಿಯದೆಯೇ ಕುರಿ ನಿಂತಿದೆ, ಮರಿ ಬಾಲ ಕುಣಿಸುತ್ತ ಕುಡಿಯುತ್ತಿದೆ! ಅತ್ತೆ ನನ್ನ ಬೆನ್ನಿಗೊಂದು ಗುದ್ದಿದಳು. ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದಳು.

ಮರಿ ಮೈ ತುಂಬಿಕೊಂಡಿತು. ಅದೇ ಈಗ ತೊಂದರೆಗೆ ಬಂತು. ನನ್ನ ಅಕ್ಕನಿಗೆ ಮದುವೆ ಗೊತ್ತಾಗಿ, ಕನಕಪುರದ ಕಡೆಯ ಬೀಗರು ಊಟಕ್ಕೆ ಬರುವವರಿದ್ದರು. ಟಗರುಗಳನ್ನು ಆಗಲೇ ಮಾರಿಯಾಗಿತ್ತು, ಉಳಿದವು ಗಬ್ಬದ ಕುರಿಗಳು. ಅಪ್ಪ ಸೀದಾ ಹೋಗಿ ಆ ಮರಿಯ ಹಗ್ಗ ಬಿಚ್ಚಿದ. ಪಾತ್ರೆ ಬೆಳಗುತ್ತಿದ್ದ ಅತ್ತೆ ಬೂದಿಗೈಯಲ್ಲೇ ಬಂದು ಹಗ್ಗದ ಇನ್ನೊಂದು ತುದಿ ಹಿಡಿದಳು.

“ಅದು ನಂದು ಕಣ್ಲಾ.”

“ಬೀಗರು ಬತ್ತಾವ್ರೆ ಕಣಕ್ಕ. ಒಂದು ಮರಿಗೆ ಹಿಂಗಾಡೀಯಾ? ಬ್ಯಾರೇದು ಕೊಡ್ತೀನಿ ಬುಡು.”

“ಬ್ಯಾರೇದು ನೀನು ಕೊಟ್ಟಿದ್ದಾಯ್ತದೆ. ಇದು ನಾನು ಉಳಿಸ್ಕಂಡಿದ್ದು. ಈ ಮನೇಲಿ ನಂದು ಅನ್ನೋದು ಇದೊಂದೇ ಐತೆ.”

ಅವ್ವ ಒಲೆ ಬಿಟ್ಟು ಬಾಗಿಲಿಗೆ ಬಂದು ನಿಂತಳು. ತಮ್ಮನ ಮನೆಯಲ್ಲಿ ಉಣ್ಣುತ್ತ, ತಮ್ಮ ಹಿಡಿದ ಹಗ್ಗ ಹಿಡಿಯುವುದೆಂದರೆ ಹುಡುಗಾಟವೇ? ಅತ್ತೆ ಹಗ್ಗ ಮಾತ್ರ ಬಿಡಲಿಲ್ಲ. ಅಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ತನ್ನ ಕೈಯ ತುದಿಯನ್ನೂ ಅವಳಿಗೇ ಕೊಟ್ಟು, ಸೈಕಲ್ ಹತ್ತಿ ಹೋಗಿ ಕೋಳಿ ತಂದ. ಉಂಡು ಕೈ ತೊಳೆದ ಬೀಗರೊಬ್ಬರು ಹಟ್ಟಿಯತ್ತ ನೋಡಿ, “ಒಳ್ಳೆ ಮರಿ ಮಡಗಿದ್ದೀರಿ ಬುಡಿ” ಎಂದರು. ಅಪ್ಪ ತಲೆ ಆಡಿಸಿ, “ನಂದಲ್ಲ, ನಮ್ಮಕ್ಕಂದು. ಕೇಳ್ದೆ ಮುಟ್ಟಂಗಿಲ್ಲ” ಎಂದ. ಒಳಗೆ ಎಲೆಅಡಿಕೆ ಜೋಡಿಸುತ್ತಿದ್ದ ನಾನು ಹೆಮ್ಮೆಯಿಂದ ಉಬ್ಬಿಹೋದೆ. ಯಾರ ಮೇಲೆ ಹೆಚ್ಚು ಹೆಮ್ಮೆಯಾಯಿತೋ, ಅತ್ತೆಯ ಮೇಲೋ ಅಪ್ಪನ ಮೇಲೋ, ಇವತ್ತಿಗೂ ಗೊತ್ತಿಲ್ಲ.

ಆ ಮರಿ ದೊಡ್ಡದಾಗಿ ಮರಿ ಹಾಕಿತು, ಅದರ ಮರಿಗಳೂ ಹಾಕಿದವು. ಈಗ ಅತ್ತೆಯದೇ ಒಂದು ಮಂದೆಯಿದೆ, ಊರ ಅಂಚಿನಲ್ಲಿ ಎರಡು ಕೋಣೆಯ ಮನೆಯಿದೆ. ಮಂಡಿನೋವಿನ ಅಪ್ಪ ಹಗಲೆಲ್ಲ ಹೋಗಿ ಅದರ ಜಗಲಿಯ ಮೇಲೆ ಕೂರುತ್ತಾನಂತೆ.

ಕೊನೇ ಬೆಂಚಿನ ಹುಡುಗಿಯ ವಾಕ್ಯವನ್ನು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆಸಿ, “ಸರಿಯಾಗಿದೆ, ಎಲ್ಲರೂ ಬರ್ಕೊಳ್ಳಿ” ಎಂದೆ. ಗಂಟೆ ಹೊಡೆದ ಮೇಲೆ ಅತ್ತೆಯ ದನಿ ಕೇಳಲೇಬೇಕು ಅನ್ನಿಸಿತು. ನನ್ನ ಫೋನಿನಲ್ಲಿ ಚಾರ್ಜ್ ಇರಲಿಲ್ಲ, ಸಹೋದ್ಯೋಗಿಯ ಫೋನಿನಿಂದ ಅತ್ತೆಯ ಮನೆಗೆ ಮಾಡಿದೆ. ಆ ಕಡೆಯಿಂದ ಬಂದದ್ದು ಅಪ್ಪನ ದನಿ.

“ಕೆಂಪಮ್ಮ ಇಲ್ಲ, ಕುರಿ ಹೊಡ್ಕಂಡು ಹೋಗವ್ಳೆ. ಮರಿ ಬೇಕಿದ್ರೆ ಸಂಜೆ ಮಾಡಿ. ಕೊಡೋದು ಬುಡೋದು ಎಲ್ಲ ಅವಳೇ ಹೇಳ್ಬೇಕು.”

ನಾನು ಗುರುತು ಹೇಳಲಿಲ್ಲ. ದನಿ ಬದಲಿಸಿ, “ತಾವು ಯಾರು ಯಜಮಾನ್ರೇ?” ಎಂದೆ.

“ನಾನಾ?” ಎಂದ ಅಪ್ಪ. “ನಾನು ಕೆಂಪಮ್ಮನ ತಮ್ಮ.”